ಸ್ಯಾಂಡ್‌ವಿಚ್ ದೊರೆಗಳ ಸನ್ನಿಧಾನಕ್ಕೆ, ಹಿರೋಡೆ ಸೀಮೆಯಿಂದ

ಮ.ರಾ.ರಾ. ಜಾನ್ ಮಾಂಟಗು ಅವರಿಗೆ,
ನಾಲ್ಕನೇ ಅರ್ಲ್, ಸ್ಯಾಂಡ್‌ವಿಚ್ ಜಹಗೀರು, ಇಂಗ್ಲೆಂಡ್.
ಹಾಲಿ ಮೊಕ್ಕಾಂ: ಪರಲೋಕ.

ದೊರೆಗಳೇ,

ಉಭಯ ಕುಶಲೋಪರಿ ಸಾಂಪ್ರತ. ತಾವು ತೀರಿಹೋದದ್ದು 1792ರ ಏಪ್ರಿಲ್ 30ರಂದು. ಹಾಗಾಗಿ ತಮ್ಮ ಆರೋಗ್ಯ ವಿಚಾರಿಸುವ ಪ್ರಮೇಯ ಬರುವುದಿಲ್ಲ. ನನ್ನದನ್ನು ಹೇಳಿಬಿಡುತ್ತೇನೆ. ನಾನು ಪಾಂಡವಪುರ ತಾಲ್ಲೂಕು ಚಿನಕುರಳಿ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು. ವಯಸ್ಸು 62, ತೂಕ 88 ಕೆ.ಜಿ. ಡಾಕ್ಟರು ರಕ್ತದ ರಿಪೋರ್ಟ್ ನೋಡಿದರು, ನನ್ನ ಹೊಟ್ಟೆ ನೋಡಿದರು, ಮತ್ತೆ ರಿಪೋರ್ಟ್ ನೋಡಿದರು. "ರಾತ್ರಿ ಹೊತ್ತು ಮುದ್ದೆ ಬಿಡಿ ಮೇಷ್ಟ್ರೇ, ಲೈಟಾಗಿ ಸ್ಯಾಂಡ್‌ವಿಚ್ಚು ಗೀಂಡ್‌ವಿಚ್ಚು ಏನಾರ ತಗಳಿ" ಅಂದರು. ಗೀಂಡ್‌ವಿಚ್ಚಿಗೆ ಯಾರು ಹೊಣೆಯೋ ನನಗೆ ಗೊತ್ತಿಲ್ಲ. ಸ್ಯಾಂಡ್‌ವಿಚ್ಚಿಗೆ ತಾವೇ ಹೊಣೆಗಾರರೆಂದು ಪುಸ್ತಕಗಳೆಲ್ಲ ಹೇಳುವುದರಿಂದ ಈ ಅರ್ಜಿ ತಮಗೆ. ಬಹಿರಂಗವಾಗಿ ಹಾಕುತ್ತಿರುವುದು ಯಾಕೆಂದರೆ, ತಮ್ಮ ಈಗಿನ ವಿಳಾಸಕ್ಕೆ ಪಿನ್‌ಕೋಡ್ ಇಲ್ಲ.

ಮೊದಲು ಮರ್ಯಾದೆಯ ಪ್ರಶ್ನೆ. ನಮ್ಮ ಕಡೆ ಬ್ರೆಡ್ಡು ಅಂದರೆ ಕಾಯಿಲೆಯವರ ಆಹಾರ. ಮಂಡ್ಯದ ದೊಡ್ಡಾಸ್ಪತ್ರೆಗೆ ಯಾರನ್ನಾದರೂ ನೋಡಲು ಹೊರಟವರ ಕೈಚೀಲದಲ್ಲಿ ಒಂದು ಪೌಂಡ್ ಬ್ರೆಡ್ಡು, ನಾಲ್ಕು ಮೂಸಂಬಿ ಇದ್ದರೆ ಅದು ನಡವಳಿಕೆ. ಜ್ವರ ಬಿಟ್ಟ ಮಗುವಿಗೆ ಹಾಲಿನಲ್ಲಿ ಅದ್ದಿದ ಬ್ರೆಡ್ಡು ಕೊಡುತ್ತಿದ್ದೆವು. ಮರುದಿನ ಅದು "ಹಿಟ್ಟು ಕೊಡವ್ವ" ಅಂದರೆ ವಾಸಿಯಾಯಿತೆಂದು ಲೆಕ್ಕ. ಇಂಥ ಸೀಮೆಯಲ್ಲಿ ಒಂದು ಶನಿವಾರ ಬೆಂಗಳೂರಿನಿಂದ ಬಂದ ಮಗಳು ಬ್ಯಾಗಿನಿಂದ ಬ್ರೌನ್ ಬ್ರೆಡ್ಡಿನ ಪ್ಯಾಕೆಟ್ ತೆಗೆದು ಮೇಜಿನ ಮೇಲಿಟ್ಟಳು. ಭಾನುವಾರ ಬೆಳಗಾಗುವ ಹೊತ್ತಿಗೆ ಬೀದಿಗೆಲ್ಲ ಸುದ್ದಿ. ಎದುರು ಮನೆಯವರು ಎರಡು ಎಳನೀರು ಹಿಡಿದು ಬಂದರು. ಜಗಲಿ ಮೇಲೆ ಕೂತು, ದನಿ ತಗ್ಗಿಸಿ, "ಏನಂತೆ ಮೇಷ್ಟ್ರೇ, ಆಪ್ರೇಸನ್ ಅಂತಾರಾ?" ಅಂದರು. ಎಂಬತ್ತಾರರ ನಮ್ಮವ್ವ ಒಂದು ಹೋಳು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಒತ್ತಿದಲ್ಲಿ ಕುಳಿ ಬಿದ್ದು ಮೆಲ್ಲಗೆ ಮತ್ತೆ ಉಬ್ಬಿತು. "ಇದೇನ್ಲಾ ಮಗ, ಹಾಸ್ಗೆ ಇದ್ದಂಗದೆ" ಅಂದಳು. ಬ್ರೆಡ್ಡಿನ ಮೇಲೆ ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ.

ಇನ್ನು ತಮ್ಮ ಕಥೆಗೆ ಬರೋಣ. ಗ್ರೋಸ್ಲೆ ಎಂಬ ಫ್ರೆಂಚ್ ಪ್ರವಾಸಿ 1765ರಲ್ಲಿ ಲಂಡನ್ನಿಗೆ ಬಂದಿದ್ದವನು ಐದು ವರ್ಷದ ಮೇಲೆ ಪುಸ್ತಕ ಅಚ್ಚು ಹಾಕಿಸಿದ. ಒಬ್ಬ ಮಂತ್ರಿ 24 ಗಂಟೆ ಜೂಜಿನ ಮೇಜು ಬಿಟ್ಟೇಳಲಿಲ್ಲ, ಎರಡು ಹೋಳು ಬ್ರೆಡ್ಡಿನ ನಡುವೆ ಮಾಂಸ ಇಡಿಸಿಕೊಂಡು ಆಟ ನಿಲ್ಲಿಸದೆ ತಿಂದ ಎಂದು ಅದರಲ್ಲಿದೆ. ತಮ್ಮ ಜೀವನಚರಿತ್ರೆ ಬರೆದ ಎನ್.ಎ.ಎಂ. ರಾಡ್ಜರ್ ತಮ್ಮ ಪರ ವಕಾಲತ್ತು ಹಾಕಿದ್ದಾರೆ. ತಾವು ನೌಕಾಖಾತೆಯ ಕಡತಗಳ ಮುಂದೆ ಕೂತಿದ್ದಿರಬೇಕು, ಇಸ್ಪೀಟಿನ ಮುಂದೆ ಅಲ್ಲವಂತೆ. ಇರಲಿ ಬಿಡಿ. ಇಸ್ಪೀಟೋ ಕಡತವೋ, ಒಟ್ಟಿನಲ್ಲಿ ತಾವು ಕೂತ ಜಾಗ ಬಿಟ್ಟು ಏಳಲಿಲ್ಲ. ನನ್ನ ಡಾಕ್ಟರು ನನ್ನ ಮೇಲೆ ಹೊರಿಸುವ ಆಪಾದನೆಯೂ ಅದೇ.

ಹಿಟ್ಟಿನ ಮುಂದೆ ಕೂತವನಿಗೆ ಬೇರೆ ಕಸುಬು ಸಾಗುವುದಿಲ್ಲ. (ನಮ್ಮಲ್ಲಿ ಮುದ್ದೆಗೆ ಹಿಟ್ಟು ಅಂತಲೇ ಅನ್ನುವುದು.) ಮುರಿಯಬೇಕು, ಬೆರಳಲ್ಲಿ ಉರುಟು ಮಾಡಬೇಕು, ಸಾರಿನಲ್ಲಿ ಹೊರಳಿಸಬೇಕು, ನುಂಗಬೇಕು. ಮಣಿಕಟ್ಟಿನವರೆಗೆ ಸಾರು ಇಳಿದಿರುತ್ತದೆ. ಆ ಕೈಯಲ್ಲಿ ಎಲೆ ಹಿಡಿದರೆ ಆಟಗಾರರು ಎದ್ದು ಹೋಗುತ್ತಾರೆ, ಮೊಬೈಲ್ ಹಿಡಿದರೆ ಮೊಬೈಲೇ ಹೋಗುತ್ತದೆ. ತಿನ್ನುವವನಿಗೆ ತಾನು ತಿನ್ನುತ್ತಿದ್ದೇನೆಂಬ ಅರಿವು ಬರಬಾರದು ಎಂಬ ಉದ್ದೇಶಕ್ಕೇ ತಮ್ಮ ತಿಂಡಿ ಹುಟ್ಟಿದ್ದು. ನಮ್ಮ ಅಳಿಯಂದಿರು ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಸ್ಯಾಂಡ್‌ವಿಚ್ಚು ಹಿಡಿದು ಒಂದಾದ ಮೇಲೊಂದು ಮೂರು ಮುಗಿಸಿ, ತಲೆ ಎತ್ತಿ, "ಅತ್ತೆ, ಊಟ ಎಷ್ಟೊತ್ತಿಗೆ?" ಅಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಇಂಥದ್ದನ್ನು ಮೈ ಇಳಿಸಲು ತಿನ್ನಿ ಅನ್ನುವುದು ಜೂಜಿನ ಅಡ್ಡೆಯವನಿಗೆ ಉಳಿತಾಯ ಖಾತೆ ತೆರೆಯಲು ಹೇಳಿದಂತೆ.

ನಮ್ಮ ಸೀಮೆ ತಮಗೆ ತೀರಾ ಗುರುತಿಲ್ಲದ್ದೇನೂ ಅಲ್ಲ. ತಾವು ನೌಕಾಖಾತೆಯ ಯಜಮಾನಿಕೆಯಲ್ಲಿದ್ದಾಗಲೇ, 1780ರಲ್ಲಿ, ಪೊಳ್ಳಿಲೂರಿನಲ್ಲಿ ಸೋತ ಕರ್ನಲ್ ಬೇಯ್ಲಿಯನ್ನು ಶ್ರೀರಂಗಪಟ್ಟಣಕ್ಕೆ ತಂದು ಸೆರೆಯಲ್ಲಿಟ್ಟರು. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬಂದ. ಅರಕೆರೆ ಹತ್ತಿರ ಟಿಪ್ಪುವಿನ ದಂಡನ್ನು ಹಿಮ್ಮೆಟ್ಟಿಸಿದ. ಕೋಟೆ ಕಣ್ಣೆದುರೇ ಇತ್ತು. ಆದರೂ ವಾಪಸಾದ, ಯಾಕೆಂದರೆ ಎತ್ತುಗಳಿಗೆ ಮೇವಿರಲಿಲ್ಲ, ಜನಕ್ಕೆ ಅಕ್ಕಿ ಇರಲಿಲ್ಲ. ಎಳೆಯುವ ಎತ್ತಿಲ್ಲದ ದೊಡ್ಡ ಫಿರಂಗಿಗಳನ್ನು ಕನ್ನಂಬಾಡಿ ಹತ್ತಿರ ತಾನೇ ಒಡೆಸಿಹಾಕಿದ. ಆ ಹಳೆಯ ಕನ್ನಂಬಾಡಿ ಈಗ ಕೆ.ಆರ್.ಎಸ್. ನೀರಿನಡಿ ಇದೆ. ದಾರಿಯಲ್ಲಿ ಮರಾಠರ ದಂಡು ಎದುರಾಗಿ, ಅವರ ಬಜಾರಿನಲ್ಲಿ ಕಾಳುಕಡ್ಡಿ ಕೊಂಡು ತಿಂದ ಮೇಲೆ ಕಾರ್ನ್‌ವಾಲಿಸನ ದಂಡಿಗೆ ಜೀವ ಬಂತು. ಕ್ಯಾಲೊರಿ ಕಡಿಮೆ ಮಾಡುವ ವ್ರತವನ್ನು ನಮ್ಮ ನೆಲದಲ್ಲಿ ಅಷ್ಟು ಕಟ್ಟುನಿಟ್ಟಾಗಿ ಆಚರಿಸಿದ ಇಂಗ್ಲಿಷರು ಇನ್ನೊಬ್ಬರಿಲ್ಲ. ಮುಂದಿನ ಸಲ ಬುತ್ತಿ ಸರಿಯಾಗಿ ಕಟ್ಟಿಕೊಂಡು ಬಂದರು, 1792ರ ಮಾರ್ಚಿನಲ್ಲಿ ಶ್ರೀರಂಗಪಟ್ಟಣದ ಒಪ್ಪಂದ ಆಯಿತು. ಆ ಸುದ್ದಿಯ ಹಡಗು ತಮ್ಮೂರು ಮುಟ್ಟುವ ಮೊದಲೇ ತಾವು ಹೊರಟುಬಿಟ್ಟಿರಿ.

ಇನ್ನೊಂದು ಚೋದ್ಯ ಕೇಳಿ. ನಮ್ಮ ತಾಲ್ಲೂಕು ಕೇಂದ್ರದ ಹಳೇ ಹೆಸರು ಹಿರೋಡೆ. ಹೈದರ್, ಟಿಪ್ಪುವಿನ ಚಾಕರಿಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿನ ಬಂಡೆಗಳ ಬಳಿ ಬೀಡು ಬಿಟ್ಟಿದ್ದರಿಂದ ತಮ್ಮವರು ಅದಕ್ಕೆ ಫ್ರೆಂಚ್ ರಾಕ್ಸ್ ಎಂದು ಹೆಸರಿಟ್ಟರು. ಬ್ರೆಡ್ಡು ಸುಡುವುದರಲ್ಲಿ ಎತ್ತಿದ ಕೈ ಅನ್ನಿಸಿಕೊಂಡ ಜನ ನಮಗೆ ಬಿಟ್ಟು ಹೋದದ್ದು ಹೆಸರೊಂದನ್ನು. ಅದನ್ನೂ ಅಳಿಸಿ ನಾವು ಪಾಂಡವಪುರ ಅಂತ ಮಾಡಿಕೊಂಡೆವು. ಭೀಮ ಬಂದು ಹೋದ ಊರು ಅಂತ ಕುಂತಿಬೆಟ್ಟ ತೋರಿಸಿ ಮೆರೆಯುವ ನಮಗೆ ಈಗ ಎರಡು ಹೋಳು ಬ್ರೆಡ್ಡಿನಲ್ಲಿ ರಾತ್ರಿ ಕಳೆಯಿರಿ ಅನ್ನುತ್ತಾರೆ.

ಬ್ರೆಡ್ಡು ನಮಗೆ ಬಂದದ್ದು ಫ್ರೆಂಚರಿಂದಲೂ ಅಲ್ಲ, ನೇರವಾಗಿ ತಮ್ಮಿಂದಲೂ ಅಲ್ಲ, ಅಯ್ಯಂಗಾರರಿಂದ. ಹಾಸನದ ಕಡೆಯ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ಹಾಕಿದರು. ಆಮೇಲೆ ಆ ಸೀಮೆಯ ನೆಂಟರು, ನೆಂಟರ ನೆಂಟರು ಊರೂರಿಗೆ ಹರಡಿದರು. ಇವತ್ತು ಕೆ.ಆರ್. ಪೇಟೆಯಲ್ಲಿ ಇಳಿಯಿರಿ, ನಾಗಮಂಗಲದಲ್ಲಿ ಇಳಿಯಿರಿ, ಬಸ್ಟ್ಯಾಂಡಿನ ಸುತ್ತ 'ಅಯ್ಯಂಗಾರ್ ಬೇಕರಿ' ಎಂಬ ಬೋರ್ಡು ಇಲ್ಲದೆ ಇಲ್ಲ. ಒಳಗಿರುವವರು ಅಯ್ಯಂಗಾರರೇ ಆಗಿರಬೇಕೆಂಬ ಕಾನೂನೇನೂ ಇಲ್ಲ. ಅಲ್ಲಿ ಸಿಗುವ ಬ್ರೆಡ್ ಟೋಸ್ಟೇ ನಮ್ಮ ಸೀಮೆಯ ಸ್ಯಾಂಡ್‌ವಿಚ್ಚು. ಕಾವಲಿಯ ಮೇಲೆ ಬೆಣ್ಣೆ ಸವರಿ, ದಪ್ಪ ಹೋಳನ್ನು ಎರಡೂ ಮಗ್ಗುಲು ಕೆಂಪಗೆ ಮಾಡಿ, ಮೇಲೆ ಈರುಳ್ಳಿ, ಕ್ಯಾರೆಟ್, ಟೊಮೆಟೊ, ಹಸಿಮೆಣಸಿನಕಾಯಿಯ ಪಲ್ಯ ಹರಡಿ, ಪೇಪರ್ ತುಂಡಿನ ಮೇಲಿಟ್ಟು ಕೊಡುತ್ತಾರೆ. ತಿಂದಾದ ಮೇಲೆ ಆ ಪೇಪರನ್ನು ಬೆಳಕಿಗೆ ಹಿಡಿದರೆ ಆಚೆ ಬದಿಯ ಸಿನಿಮಾ ಜಾಹೀರಾತು ಈಚೆಯಿಂದಲೇ ಓದಬಹುದು. ತರಕಾರಿ ತಿಂದೆ, ಒಳ್ಳೆಯದಾಯಿತು ಎಂದುಕೊಂಡು ನಾನು ಮೂವತ್ತು ವರ್ಷ ಸ್ಕೂಲಿನಿಂದ ಬರುವಾಗ ಇದನ್ನು ತಿಂದಿದ್ದೇನೆ.

ಮಗಳು ತಂದ ಪ್ಯಾಕೆಟ್ಟಿಗೆ ಬರುತ್ತೇನೆ. ಕಂದು ಬಣ್ಣ ಕಂಡರೆ ರಾಗಿಸೀಮೆಯವರಿಗೆ ತಾನೇ ತಾನಾಗಿ ನಂಬಿಕೆ ಬರುತ್ತದೆ. ಪರೀಕ್ಷೆ ಪೇಪರ್ ತಿದ್ದಿದ ಕಣ್ಣು, ಕನ್ನಡಕ ಏರಿಸಿ ಹಿಂಬದಿಯ ಸಣ್ಣಕ್ಷರ ಓದಿದೆ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಮೊದಲು ಬರೆದದ್ದೇ ಹೆಚ್ಚು ಇರುವುದು. ಮೊದಲನೇ ಹೆಸರು ಮೈದಾ. ಗೋಧಿ ಹಿಟ್ಟು ಎರಡನೆಯದು. ಆಮೇಲೆ ಯೀಸ್ಟು, ಸಕ್ಕರೆ, ಎಣ್ಣೆ. ಕೊನೆಗೆ ಬಣ್ಣ, 150ಎ, ಅಂದರೆ ಸುಟ್ಟ ಸಕ್ಕರೆಯ ಕ್ಯಾರಮೆಲ್. ಮೈದಾಕ್ಕೆ ಬಿಸಿಲು ಬಡಿಸಿದ ವೇಷ. ಎಲ್ಲ ಕಂಪನಿಯದ್ದೂ ಹೀಗೇ ಅಂತಲ್ಲ. ಗೋಧಿ ಹಿಟ್ಟೇ ಮೊದಲ ಸಾಲಿನಲ್ಲಿರುವ ಬ್ರೆಡ್ಡುಗಳೂ ಇವೆ. ಮುಟ್ಟಿದರೆ ತೂಕ ಗೊತ್ತಾಗುತ್ತದೆ, ಅವ್ವ ಒತ್ತಿದರೆ ಹಾಸಿಗೆಯಂತೆ ಏಳುವುದಿಲ್ಲ. 'ಮಲ್ಟಿಗ್ರೇನ್' ಎಂಬುದು ಇನ್ನೊಂದು ಜಾತಿ. ಅದರ ನೆತ್ತಿಯ ಮೇಲೆ ಎಂಟು ಹತ್ತು ಕಾಳು ಉದುರಿಸಿರುತ್ತಾರೆ, ಮದುಮಗನ ಮೇಲೆ ಅಕ್ಷತೆ ಹಾಕಿದಂತೆ. ಅದರಿಂದ ಅವನ ಗುಣವೇನೂ ಬದಲಾಗುವುದಿಲ್ಲ.

ಗೋಧಿ ನಮ್ಮ ಸೀಮೆಯ ಬೆಳೆಯಲ್ಲ, ಯೀಸ್ಟು ನಮ್ಮದಲ್ಲ. ಆ ಪ್ಯಾಕೆಟ್ಟಿನಲ್ಲಿ ನಮ್ಮದೆನ್ನುವಂಥದ್ದು ಏನಾದರೂ ಇದ್ದರೆ ಸಕ್ಕರೆ ಒಂದೇ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಕಟ್ಟೆ ಮುಗಿದು ನಾಲೆಯಲ್ಲಿ ನೀರು ಬಂದ ಬೆನ್ನಿಗೇ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ನಿಂತಿತು. ಹುರುಳಿ, ರಾಗಿ ಬಿತ್ತುತ್ತಿದ್ದ ಹೊಲಗಳು ಗದ್ದೆಯಾದವು, ಕಬ್ಬು ಏರಿತು. ಸಕ್ಕರೆ ನಾಡು ಎಂಬ ಹೆಸರು ಬಂತು, ಹಿಂದೆಯೇ ಆ ಹೆಸರಿನ ಕಾಯಿಲೆಯೂ ಬಂತು. ನಾಲೆ ಸರಿಯಾಗಿ ಮುಟ್ಟದ ನಾಗಮಂಗಲದ ಖುಷ್ಕಿ ಕಡೆ ನಮ್ಮ ಭಾವಮೈದ ಇದ್ದಾನೆ. ಅವನು ಇವತ್ತಿಗೂ ರಾಗಿ ಬೆಳೆದು, ರಾಗಿ ತಿಂದು, ನನ್ನ ಹೊಟ್ಟೆ ನೋಡಿ ನಗುತ್ತಾನೆ. ನೀರು ಬಾರದ್ದಕ್ಕೆ ಅವನು ಸರ್ಕಾರವನ್ನು ಬೈಯುವಾಗ ಮಾತ್ರ ನಾನು ನಗುತ್ತೇನೆ.

ಲೆಕ್ಕದ ಮೇಷ್ಟ್ರು ನಾನು, ಲೆಕ್ಕ ಮಾಡಿಯೇ ಬಿಟ್ಟೆ. ಬಿಳಿ ಬ್ರೆಡ್ಡು 100 ಗ್ರಾಮಿಗೆ ಸುಮಾರು 265 ಕ್ಯಾಲೊರಿ, ಕಂದು ಬ್ರೆಡ್ಡು ಸುಮಾರು 245. 400 ಗ್ರಾಂ ಪ್ಯಾಕೆಟ್ಟಿನಲ್ಲಿ 16 ಹೋಳು ಇದ್ದರೆ ಹೋಳಿಗೆ 25 ಗ್ರಾಂ. ಬಿಳಿಯದು ಎರಡು ಹೋಳಿಗೆ 132, ಕಂದಿನದು 122. ಬಣ್ಣ ಬದಲಿಸಿದ್ದಕ್ಕೆ ನನಗೆ ಉಳಿದದ್ದು 10. ಗೋಧಿಯ ತೌಡಿನ ನಾರು ಸಿಕ್ಕರೆ ಹೊಟ್ಟೆ ಸ್ವಲ್ಪ ಹೊತ್ತು ತಡೆಯುತ್ತದೆ, ಅದು ಬೇರೆ ಮಾತು. ಈಗ ಒಳಗೆ ನೋಡಿ. ಬೆಣ್ಣೆ ಒಂದು ದೊಡ್ಡ ಚಮಚಕ್ಕೆ 100. ಮೇಯೊನೀಸ್ ಎಂಬ ಬಿಳಿ ಲೇಪಕ್ಕೂ ಹತ್ತಿರ ಹತ್ತಿರ ಅಷ್ಟೇ, ಯಾಕೆಂದರೆ ಅದು ಎಣ್ಣೆಯನ್ನು ಕೆನೆಯಂತೆ ಕಾಣಿಸುವ ವಿದ್ಯೆ. ಚೀಸ್ ಹಾಳೆಗೆ 60 ಚಿಲ್ಲರೆ. ಅಂಗಡಿಯ ಕಪಾಟಿನ ಮುಂದೆ ಅರ್ಧ ಗಂಟೆ ನಿಂತು ಯಾವ ಬ್ರೆಡ್ಡು ಅಂತ ಒದ್ದಾಡಿ 10 ಉಳಿಸಿದ್ದೆ. ಮನೆಗೆ ಬಂದು ಚಾಕುವಿನ ಒಂದು ಸವರಿಗೆ 100 ಕಳೆದೆ. ಆಲೆಮನೆಯಲ್ಲಿ ಇದನ್ನು ಕೊಪ್ಪರಿಗೆ ಸೋರುವಾಗ ಚಮಚ ಕಾಯುವುದು ಅನ್ನುತ್ತಾರೆ. ಅನ್ನದಿದ್ದರೆ ಇನ್ನು ಮೇಲೆ ಅನ್ನಲಿ.

ಆಲೆಮನೆ ಅಂದದ್ದಕ್ಕೆ ನೆನಪಾಯಿತು. ನಮ್ಮ ಗೆಳೆಯರೊಬ್ಬರು ಸಕ್ಕರೆ ಬಿಟ್ಟಿದ್ದೇನೆ ಅಂತ ಊರಿಗೆಲ್ಲ ಸಾರಿ, ಜಾಮ್ ಬದಲು ಬ್ರೆಡ್ಡಿಗೆ ಬೆಲ್ಲ ಸವರುತ್ತಾರೆ. ಸಕ್ಕರೆ 100 ಗ್ರಾಮಿಗೆ 400ರ ಹತ್ತಿರ, ಬೆಲ್ಲ 380ರ ಹತ್ತಿರ. ಎರಡೂ ಒಂದೇ ಕಬ್ಬಿನ ಮಕ್ಕಳು, ಒಬ್ಬ ಪೇಟೆಗೆ ಹೋಗಿ ಬೆಳ್ಳಗಾದ ಅಷ್ಟೇ. ಇದನ್ನು ಹೇಳಿದರೆ ಅವರಿಗೆ ಕೋಪ ಬರುತ್ತದೆ, ಯಾಕೆಂದರೆ ಅವರದು ಬೆಲ್ಲದ ಮಂಡಿ.

ಹಾಗಾದರೆ ಒಳಗೇನು ಇಡಬೇಕು? ಇದಕ್ಕೆ ಉತ್ತರ ತಮ್ಮ ಇಂಗ್ಲೆಂಡಿನಲ್ಲಿ ಇಲ್ಲ ದೊರೆಗಳೇ, ನಮ್ಮ ಅಡುಗೆಮನೆಯ ಒರಳಿನಲ್ಲಿ ಇತ್ತು. ಬೆಣ್ಣೆಯನ್ನು ಯಾಕೆ ಹಚ್ಚುತ್ತಾರೆ? ಒಣ ಬ್ರೆಡ್ಡು ಗಂಟಲಲ್ಲಿ ಇಳಿಯಲಿ ಅಂತ, ಒಳಗಿನದರ ನೀರನ್ನು ಬ್ರೆಡ್ಡು ಹೀರದಿರಲಿ ಅಂತ, ರುಚಿಗೆ ಅಂತ. ಉಪ್ಸಾರಿನ ಖಾರ ಅಂತ ನಮ್ಮಲ್ಲಿ ಒಂದಿದೆ. ಮೆಣಸಿನಕಾಯಿ ಸುಟ್ಟು, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಹುಣಸೆಹಣ್ಣು, ಉಪ್ಪು ಇಟ್ಟು ಒರಳಲ್ಲಿ ಅರೆಯುವುದು. ಒಂದು ತೊಟ್ಟು ಎಣ್ಣೆ ಇಲ್ಲ. ಅದನ್ನು ಗಟ್ಟಿ ಮೊಸರಿಗೆ ಕಲಸಿ ಹಚ್ಚಿದರೆ ಮೇಯೊನೀಸ್ ಎದ್ದು ಹೊರಟುಹೋಗುತ್ತದೆ. ಮೊಸರನ್ನು ರಾತ್ರಿ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಮೊಳೆಗೆ ನೇತು ಹಾಕಬೇಕು, ಬೆಳಗ್ಗೆಗೆ ನೀರೆಲ್ಲ ಬಸಿದು ಬೆಣ್ಣೆಯಂತೆ ಸವರಲು ಬರುತ್ತದೆ. ನಮ್ಮನೆಯವರು ಮೊದಲ ದಿನ ಈ ಗಂಟು ನೋಡಿ, "ಕಾಯಿಲೆಗೆ ಹರಕೆ ಗಿರಕೆ ಕಟ್ಕಂಡ್ರಾ?" ಅಂದರು.

ಒಳಗಿನ ಹೂರಣಕ್ಕೆ ಬಸ್ಸಾರಿನ ಪಲ್ಯಕ್ಕಿಂತ ಒಳ್ಳೆಯದು ನನಗಿನ್ನೂ ಕಂಡಿಲ್ಲ. ಸೊಪ್ಪು, ಹೆಸರುಕಾಳು ಅಥವಾ ಹುರುಳಿಕಾಳು ಬೇಯಿಸಿ ಕಟ್ಟು ಬಸಿದ ಮೇಲೆ ಉಳಿಯುತ್ತದಲ್ಲ, ಅದು. ಒಗ್ಗರಣೆ ಬೀಳುವ ಮೊದಲು, ಕಾಯಿತುರಿ ಉದುರುವ ಮೊದಲು ಒಂದು ಹಿಡಿ ಎತ್ತಿಟ್ಟುಕೊಳ್ಳಬೇಕು. ತೆಂಗಿನಕಾಯಿ ನಮ್ಮ ಕಲ್ಪವೃಕ್ಷ ನಿಜ, ಆದರೆ 100 ಗ್ರಾಂ ಹಸಿ ಕಾಯಿಗೆ 350ರ ಮೇಲೆ ಕ್ಯಾಲೊರಿ. ಹುಚ್ಚೆಳ್ಳಿನ ಪುಡಿಯೂ ಎಣ್ಣೆಕಾಳಿನದೇ, ಅದು ಚಿಟಿಕೆ ಲೆಕ್ಕದಲ್ಲಿ ಇರಲಿ. ಹೆಸರುಬೇಳೆ ಕೋಸಂಬರಿಯೂ ಆಗುತ್ತದೆ. ಸೌತೆಕಾಯಿಗೆ ಉಪ್ಪನ್ನು ಮೊದಲೇ ಹಾಕಿದರೆ ಮಾತ್ರ ನೀರು ಬಿಟ್ಟು ಬ್ರೆಡ್ಡು ಪಿಚಪಿಚ ಅನ್ನುತ್ತದೆ, ತಿನ್ನುವಾಗ ಹಾಕಿಕೊಳ್ಳಿ. ಸೌತೆಕಾಯಿ 100 ಗ್ರಾಮಿಗೆ 15 ಕ್ಯಾಲೊರಿಯೂ ಗಟ್ಟಿ ಇಲ್ಲ. ಬೃಂದಾವನದ ಗೇಟಿನ ಹತ್ತಿರ ಸೀಳಿ ಉಪ್ಪುಖಾರ ಸವರಿ ಮಾರುತ್ತಾರಲ್ಲ, ಪ್ರವಾಸಿಗರು ಅದನ್ನು ತಿಂದು, ಆಮೇಲೆ ಅದರ ಪುಣ್ಯ ಕಳೆಯಲು ಎರಡು ಪ್ಲೇಟ್ ಬಜ್ಜಿ ತಿನ್ನುತ್ತಾರೆ. ಮೊಟ್ಟೆ ತಿನ್ನುವವರು ಬೇಯಿಸಿದ್ದನ್ನು ಹೆಚ್ಚಿ ಇಡಬಹುದು, 75ಕ್ಕೆ ಮುಗಿಯುತ್ತದೆ. ಅದೇ ಮೊಟ್ಟೆ ಕಾವಲಿಗೆ ಒಡೆದು ಬಿದ್ದರೆ ಎಣ್ಣೆಯ ಲೆಕ್ಕ ಬೇರೆ. ಕಟ್ಟೆ ಮೀನಿನ ಬಗ್ಗೆ ನಾನು ಬಾಯಿ ಬಿಡುವುದಿಲ್ಲ. ಹಬೆಯಲ್ಲಿ ಬೇಯಿಸಿದರೆ ಅದರಷ್ಟು ಹಗುರ ಇನ್ನೊಂದಿಲ್ಲ ಎಂದು ಗೊತ್ತು. ಆದರೆ ಕೆ.ಆರ್.ಎಸ್. ಮೀನನ್ನು ಹಬೆಯಲ್ಲಿ ಬೇಯಿಸಿ ಎಂದು ಬರೆದರೆ ನನ್ನನ್ನು ಊರೊಳಗೆ ಸೇರಿಸುವುದಿಲ್ಲ.

ಹೊರಗಡೆ ತಿನ್ನುವ ಮಾತು ಬೇಡವೇ ಬೇಡ. 2023ರಲ್ಲಿ ಬೆಂಗಳೂರು–ಮೈಸೂರು ದಶಪಥ ತೆರೆದ ಮೇಲೆ ಕಾರುಗಳು ಶ್ರೀರಂಗಪಟ್ಟಣವನ್ನೂ ಮದ್ದೂರು ವಡೆಯನ್ನೂ ಬಗಲಿಗೆ ಬಿಟ್ಟು ಹೋಗುತ್ತವೆ. ಒಂದು ದಿನ ದಾರಿ ಬದಿಯ ಒಂದು ಅಂಗಡಿಯಲ್ಲಿ 'ಹೆಲ್ದಿ' ಎಂದು ಹಸಿರಕ್ಷರದಲ್ಲಿ ಬರೆದದ್ದು ನೋಡಿ ಆರ್ಡರ್ ಮಾಡಿದೆ. ಬಂದದ್ದಕ್ಕೆ ಮೂರು ಹೋಳು ಬ್ರೆಡ್ಡು, ಎರಡು ಅಂತಸ್ತು, ಒಂದೊಂದರಲ್ಲೂ ಚೀಸು, ಬದಿಗೆ ಆಲೂಗೆಡ್ಡೆ ಚಿಪ್ಸು, ಬಿದ್ದು ಹೋಗದಿರಲೆಂದು ನಡುವೆ ಕಡ್ಡಿ ಚುಚ್ಚಿದ್ದರು. 'ಹೆಲ್ದಿ' ಎಲ್ಲಿದೆ ಅಂತ ಬಿಚ್ಚಿ ಹುಡುಕಿದೆ. ಒಂದು ಎಲೆ ಇತ್ತು.

ನಮ್ಮ ವಿಜ್ಞಾನಿಗಳ ವಿಚಾರವನ್ನೂ ಹೇಳಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯ ಅಂತ ಒಬ್ಬರಿದ್ದರು. ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ 'ಇಂಡಾಫ್' ತಳಿಗಳನ್ನು ತಂದು ಎಷ್ಟೋ ಮನೆಗಳ ಹೊಟ್ಟೆ ತುಂಬಿಸಿದವರು. ಅದೇ ಫಾರಂನಿಂದ ಈಗ ಕೆ.ಎಂ.ಆರ್. 340 ಎಂಬ ಬಿಳಿ ರಾಗಿ ಬಂದಿದೆ, ಬೇಕರಿ ತಿನಿಸಿಗೆ ಹೊಂದಲಿ ಎಂದು. ಪೇಟೆಯವರು ಮೈದಾಕ್ಕೆ ಬಣ್ಣ ಬಳಿದು ರಾಗಿಯಂತೆ ಮಾಡುತ್ತಿದ್ದಾರೆ, ನಾವು ರಾಗಿಯನ್ನು ಬೆಳ್ಳಗೆ ಮಾಡಿ ಮೈದಾದಂತೆ ಮಾಡುತ್ತಿದ್ದೇವೆ. ನಡುದಾರಿಯಲ್ಲಿ ಎಲ್ಲೋ ಇಬ್ಬರೂ ಒಬ್ಬರನ್ನೊಬ್ಬರು ದಾಟಿ ಹೋಗಿರಬೇಕು, ಗುರುತು ಹತ್ತಿರಲಿಕ್ಕಿಲ್ಲ. ಬರೀ ರಾಗಿಯಲ್ಲಿ ಬ್ರೆಡ್ಡು ಉಬ್ಬುವುದಿಲ್ಲ, ಗೋಧಿಯ ಅಂಟು ಅದರಲ್ಲಿಲ್ಲ. 'ರಾಗಿ ಬ್ರೆಡ್' ಅಂತ ಮಾರುವುದರಲ್ಲಿ ರಾಗಿ ಎಷ್ಟು ಪಾಲು ಅಂತ ಹಿಂಬದಿ ಓದದೆ ಕೊಳ್ಳಬಾರದು.

ಇಷ್ಟೆಲ್ಲ ಬರೆದು, ಹಾಗಾದರೆ ಮುದ್ದೆಯೇ ಮೇಲು ಎಂದು ತೀರ್ಪು ಕೊಟ್ಟು ಜೈಕಾರ ಹಾಕಿಸಿಕೊಳ್ಳುವ ಆಸೆ ನನಗೂ ಇತ್ತು. ಲೆಕ್ಕ ಬಿಡಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಗೆ 320 ಕ್ಯಾಲೊರಿ. ಸುಣ್ಣದಂಶ 364 ಮಿಲಿಗ್ರಾಂ, ನಾರು 11 ಗ್ರಾಂ, ಇವೆಲ್ಲ ಹೊಗಳಿಕೆಗೆ ಅರ್ಹವೇ. ಆದರೂ ನೂರು ಗ್ರಾಂ ಹಿಟ್ಟಿನ ಒಂದು ಮುದ್ದೆ ಬ್ರೆಡ್ಡಿನ ಎರಡು ಹೋಳಿನ ಎರಡರಷ್ಟಕ್ಕಿಂತ ಹೆಚ್ಚು. ನಾನು ಉಣ್ಣುತ್ತಿದ್ದದ್ದು ಎರಡು ಮುದ್ದೆ. ನಮ್ಮಪ್ಪ ಮೂರು ಉಣ್ಣುತ್ತಿದ್ದ, ಕಡ್ಡಿಯಂತಿದ್ದ. ಅವನು ಉಂಡು ನೊಗ ಹೊತ್ತು ಗದ್ದೆಗೆ ಹೋಗುತ್ತಿದ್ದ. ನಾನು ಉಂಡು ಟಿ.ವಿ.ಯಲ್ಲಿ ಕಟ್ಟೆಯ ನೀರಿನ ಮಟ್ಟ ನೋಡುತ್ತಿದ್ದೆ. 124.80 ಅಡಿ ಮುಟ್ಟಿದ ದಿನ ಖುಷಿಗೆ ಇನ್ನರ್ಧ ಮುದ್ದೆ.

ಹೀಗೆ ಯೋಚಿಸುತ್ತಾ ಕೂತಿದ್ದಾಗ ತಮ್ಮ ಆವಿಷ್ಕಾರದ ಗುಟ್ಟು ಹೊಳೆಯಿತು. ಬ್ರೆಡ್ಡು ತಮ್ಮದಲ್ಲ, ಮಾಂಸವೂ ತಮ್ಮದಲ್ಲ. ತಮ್ಮದು ಅಂತ ಇರುವುದು ಮೇಲಿನ ಹೋಳು ಒಂದೇ, ಮುಚ್ಚಳ. ಅದು ಹಸಿವಿಗಲ್ಲ, ರುಚಿಗಲ್ಲ, ಎಲೆಗೆ ಜಿಡ್ಡು ಹತ್ತದಿರಲಿ ಅಂತ. ನಾನು ಇಸ್ಪೀಟು ಆಡುವವನಲ್ಲ. ನನಗೇಕೆ ಆ ಮುಚ್ಚಳ? ತೆಗೆದುಬಿಟ್ಟೆ. ಒಂದೇ ಏಟಿಗೆ 60 ಉಳಿಯಿತು, ಕಂದು ಬಣ್ಣ ಉಳಿಸಿದ್ದರ ಆರರಷ್ಟು. ತಳದಲ್ಲಿ ಒಂದೇ ಹೋಳು, ಬೇಕರಿಯವನಿಗೆ ಹೇಳಿ ತೆಳ್ಳಗೆ ಕೊಯ್ಯಿಸಿದ್ದು, ಎಣ್ಣೆ ಇಲ್ಲದ ಕಾವಲಿಯ ಮೇಲೆ ಗರಿಗರಿ ಮಾಡಿದ್ದು. ಅದರ ಮೇಲೆ ಖಾರದ ಮೊಸರು, ಬಸ್ಸಾರಿನ ಪಲ್ಯ ಗುಡ್ಡೆ, ಸೌತೆಕಾಯಿ. ಬೀಳುತ್ತದೆ ಅಂತ ಎರಡೂ ಕೈಯಲ್ಲಿ ಹಿಡಿದು, ತಟ್ಟೆಯ ಮೇಲೆ ಬಾಗಿ, ಬೇರೆ ಯಾವ ಕಡೆಯೂ ನೋಡದೆ ತಿನ್ನಬೇಕು. ಮುದ್ದೆಯಂತೆಯೇ. ಎರಡು ತಿಂಗಳಲ್ಲಿ ಮೂರು ಕೆ.ಜಿ. ಇಳಿದಿದ್ದೇನೆ. ಸಂಜೆ ನಾಲೆ ಏರಿ ಮೇಲೆ ನಡೆದದ್ದೂ ಸೇರಿರಬಹುದು, ತಮಗೆ ಪೂರ್ತಿ ಕೀರ್ತಿ ಕೊಡಲಾರೆ.

ಮೊನ್ನೆ ಸಾಯಂಕಾಲ ಇಂಥದ್ದೊಂದನ್ನು ತಟ್ಟೆಯಲ್ಲಿಟ್ಟುಕೊಂಡು ಅರಳಿಕಟ್ಟೆಗೆ ಹೋದೆ. ಅಲ್ಲಿ ದಿನಾ ಐದಾರು ಜನ ರಮ್ಮಿ ಆಡುತ್ತಾರೆ, ಬರೀ ಕಾಲಕ್ಷೇಪಕ್ಕೆ, ಪೊಲೀಸರು ಇದನ್ನು ಗಮನಿಸಬೇಕು. "ಏನ್ ಮೇಷ್ಟ್ರೇ ಅದು, ಒಂಚೂರು ಕೊಡಿ ಮತ್ತೆ" ಅಂದ ಒಬ್ಬ. ಮುರಿದು ಕೊಟ್ಟೆ. ಇನ್ನೊಬ್ಬ ಕೇಳಿದ, ಅವನಿಗೂ ಕೊಟ್ಟೆ. ಚೆನ್ನಾಗದೆ ಅಂದರು, ಖಾರಕ್ಕೆ ಮೂಗು ಸೇದಿಕೊಂಡರು, ಬೆರಳು ನೆಕ್ಕಿಕೊಂಡರು, ಆಟ ಮುಂದುವರಿಸಿದರು. ಎರಡು ಸುತ್ತು ಕಳೆಯುವಷ್ಟರಲ್ಲಿ ಆಟೀನು ರಾಣಿಯ ಬೆನ್ನಿಗೆ ಉಪ್ಸಾರಿನ ಖಾರದ ಹೆಬ್ಬೆಟ್ಟಿನ ಗುರುತು, ಕಳಾವರ್ ಎಂಟಕ್ಕೆ ಮೊಸರು. ಯಾರ ಕೈಯಲ್ಲಿ ರಾಣಿ ಇದ್ದಾಳೆಂಬುದು ಕಟ್ಟೆಯ ಕೆಳಗೆ ನಿಂತ ಹುಡುಗರಿಗೂ ಕಾಣುತ್ತಿತ್ತು. ಮೂರು ಸಲ ಸತತ ಗೆದ್ದವನನ್ನು ಸೋತವರು ಹಿಡಿದುಕೊಂಡರು. "ನೀನು ಎಲೆ ಹಿಂದ್ಗಡೆ ನೋಡ್ಕಂಡ್ ಆಡ್ತಿದ್ದೀಯ ಕಣ್ಲಾ" ಅಂತ ಇವನು, "ಖಾರ ಸವರ್ದೋನು ನೀನೇ ಕಣೋ" ಅಂತ ಅವನು. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು.

ಹೊಸ ಎಲೆಕಟ್ಟಿನ ದುಡ್ಡು 120 ರೂಪಾಯಿ ನನ್ನ ತಲೆಗೆ ಬಂದಿದೆ. ಅದನ್ನು ತಮ್ಮ ಜಹಗೀರಿನ ಖಜಾನೆಯಿಂದ ಮಂಜೂರು ಮಾಡಿಸಿಕೊಡಬೇಕೆಂದು ಕೋರುತ್ತೇನೆ.

ಇತಿ,
ಒಂದೇ ಹೋಳಿನ ಮೇಷ್ಟ್ರು,
ಪಾಂಡವಪುರ ತಾಲ್ಲೂಕು (ತಮ್ಮವರ ದಫ್ತರಿನಲ್ಲಿ: ಫ್ರೆಂಚ್ ರಾಕ್ಸ್)